ಏರಿನಲ್ಲಿ ನಿಲ್ಲುವ ಗಾಡಿ

ಬೀದಿಯವರು ಅವನನ್ನು ಕಿವಿಯಜ್ಜ ಎಂದು ಕರೆಯುತ್ತಿದ್ದುದು ಕಿವಿ ದೊಡ್ಡದಿತ್ತು ಅಂತಲ್ಲ. ಯಾರದೇ ಗಾಡಿಯ ಪಕ್ಕ ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, ಬಾನೆಟ್ ಎತ್ತುವ ಮೊದಲೇ "ಇದರ ಮೂರನೇ ನಾಜಲ್ ಕೆಟ್ಟಿದೆ" ಅಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಮೂರನೆಯದೇ ಕೆಟ್ಟಿರುತ್ತಿತ್ತು. ಮೀಸೆ ಮೂಡಿದಾಗಿನಿಂದ ಮೀಸೆ ಬೆಳ್ಳಗಾಗುವವರೆಗೆ ಬಾಡಿಗೆ ಗಾಡಿ ಓಡಿಸಿದವನ ಕಿವಿ ಅದು. ಹೆಂಡತಿ ಬದುಕಿದ್ದಾಗ ನೆಂಟರ ಮುಂದೆಯೇ, "ನನ್ನ ಹೊಟ್ಟೆನೋವು ಬಾಯಿಬಿಟ್ಟು ಹೇಳಿದ್ರೂ ಇವರಿಗೆ ಕೇಳಿಸಲ್ಲ, ಆ ಗಾಡಿ ಒಂದು ಸಲ ಕೆಮ್ಮಿದ್ರೆ ಊಟ ಬಿಟ್ಟು ಎದ್ದು ಓಡ್ತಾರೆ" ಎಂದು ಮಾನ ತೆಗೆಯುತ್ತಿದ್ದಳು. ಅಜ್ಜ ಅದನ್ನು ಬೈಗುಳ ಎಂದು ತಿಳಿದದ್ದೇ ಇಲ್ಲ.

ಅಂಥವನಿಗೆ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ ಬಲಗಾಲು ಬಿದ್ದುಹೋದವು, ಜೊತೆಗೆ ಮಾತೂ ಹೋಯಿತು. ಕೇಳುವುದಕ್ಕೆ ಏನೂ ಆಗಿರಲಿಲ್ಲ, ತಿಳಿಯುವುದಕ್ಕೂ ಆಗಿರಲಿಲ್ಲ. ತಲೆಯೊಳಗೆ ಮಾತು ಸರಿಯಾಗಿಯೇ ಹುಟ್ಟುತ್ತಿತ್ತು. ನಾಲಿಗೆಗೆ ಬರುವಷ್ಟರಲ್ಲಿ ಯಾವ ಮಾತಾದರೂ "ಆಯ್ತು" ಆಗಿಬಿಡುತ್ತಿತ್ತು. ನೀರು ಬೇಕೆಂದರೂ ಆಯ್ತು, ಸಾಕೆಂದರೂ ಆಯ್ತು, ಬೆನ್ನು ಕಡಿಯುತ್ತಿದೆ ಎಂದರೂ ಆಯ್ತು. ಹುಟ್ಟಿದಾಗಿನಿಂದ ಯಾರ ಮಾತಿಗೂ ಆಯ್ತು ಅಂದವನಲ್ಲ. ಹೆಂಡತಿಗೆ ಅಂದಿರಲಿಲ್ಲ, ರಸ್ತೆಯಲ್ಲಿ ಕೈ ಅಡ್ಡ ಹಿಡಿದ ಪೊಲೀಸಿಗೂ ಅಂದಿರಲಿಲ್ಲ. ಅಷ್ಟೂ ವರ್ಷದ ಬಾಕಿಯನ್ನು ದೇವರು ಈಗ ಬಡ್ಡಿ ಸಮೇತ ವಸೂಲಿ ಮಾಡುತ್ತಿದ್ದಾನೆ ಅನ್ನಿ. ಅಳಿಯ ಸ್ಲೇಟು ತಂದು ಎಡಗೈಗೆ ಬಳಪ ಕೊಟ್ಟ. ಅಕ್ಷರಗಳೂ ಮಾತಿನ ಜೊತೆಯೇ ಓಡಿಹೋಗಿದ್ದವು. ಸ್ಲೇಟಿನ ಮೇಲೆ ಬರೀ ಗೀಚು ಮೂಡಿತು. ಅಜ್ಜ ಅದನ್ನು ನೋಡಿ ಅತ್ತ. ಆಮೇಲೆ ಮನೆಯಲ್ಲಿ ಯಾರೂ ಸ್ಲೇಟಿನ ಸುದ್ದಿ ಎತ್ತಲಿಲ್ಲ.

ಗಾಡಿ ಮಗಳ ಕೈಗೆ ಬಂತು. ಅಳಿಯ ಇದ್ದ, ಆದರೆ ಅವನು ದರ್ಜಿ. ಹೊಲಿಗೆ ಮಷಿನಿನ ಚಕ್ರ ಬಿಟ್ಟು ಬೇರೆ ಚಕ್ರ ತಿರುಗಿದರೆ ಅವನಿಗೆ ತಲೆ ಸುತ್ತು. ಮಗಳಿಗೆ ಮಾತ್ರ ಲಂಗ ಬಿಡುವ ವಯಸ್ಸಿನಲ್ಲೇ ಅಪ್ಪ ಸ್ಟಿಯರಿಂಗ್ ಹಿಡಿಸಿದ್ದ. ಊರೊಳಗಿನ ಚಿಲ್ಲರೆ ಬಾಡಿಗೆ ಹೇಗೋ ನಡೆಯುತ್ತಿತ್ತು. ಸಂಸಾರ ನಿಂತಿದ್ದದ್ದು ವಾರಕ್ಕೆರಡು ಸಲದ ಒಂದು ಖಾಯಂ ಬಾಡಿಗೆಯ ಮೇಲೆ. ಊರಾಚೆಯ ಗುಡ್ಡದ ಏರು ಹತ್ತಿ ಇಳಿದರೆ ದೊಡ್ಡ ಆಸ್ಪತ್ರೆ. ಅಲ್ಲಿಗೆ ನಾಲ್ಕು ಜನ ನರ್ಸುಗಳನ್ನು ಬಿಟ್ಟು, ಪಾಳಿ ಮುಗಿದವರನ್ನು ಕರೆತರಬೇಕು.

ಗಾಡಿಯ ಡೀಸೆಲ್ ತೋರಿಸುವ ಮುಳ್ಳು ಯಾವ ಕಾಲದಲ್ಲೋ ಸತ್ತಿತ್ತು. ಅದನ್ನು ಸರಿಮಾಡಿಸುವ ಬದಲು ಅಜ್ಜ ಒಂದು ಸಪೂರ ಬೆತ್ತ ಇಟ್ಟುಕೊಂಡಿದ್ದ. ಟ್ಯಾಂಕಿನ ಮುಚ್ಚಳ ತಿರುಗಿಸಿ ತೆಗೆಯುವುದು, ಬೆತ್ತ ಇಳಿಬಿಡುವುದು, ಎಷ್ಟು ಒದ್ದೆಯಾಯಿತೆಂದು ನೋಡುವುದು. ತನ್ನ ಹತ್ತಿರ ಕೆಲಸ ಕಲಿತವರಿಗೆಲ್ಲ ಅವನ ಮೊದಲ ಪಾಠವೂ ಅದೇ: "ಮೊದಲು ಬೆತ್ತ, ಆಮೇಲೆ ಸ್ಪ್ಯಾನರ್." ಡೀಸೆಲ್ ಮುಗಿದು ನಿಂತ ಗಾಡಿಯ ಎಂಜಿನ್ನನ್ನೇ ಬಿಚ್ಚಿ ಹರವಿಕೊಂಡು ಕೂತ ಮಹಾನುಭಾವರನ್ನು ಅವನು ಕಣ್ಣಾರೆ ಕಂಡಿದ್ದ.

ಅಜ್ಜ ಆಸ್ಪತ್ರೆಯಿಂದ ಮನೆಗೆ ಬಂದ ಕೆಲವೇ ದಿನಕ್ಕೆ ಗಾಡಿಯೂ ಕಾಯಿಲೆ ಬಿತ್ತು. ಊರೊಳಗೆ ಓಡಿಸಿದರೆ ಏನೂ ಇಲ್ಲ. ದೂರದ ದಾರಿ ಹಿಡಿದರೆ ಮೊದಮೊದಲು ಚೆನ್ನಾಗಿಯೇ ಹೋಗಿ, ಆಮೇಲೆ ಎಳೆತ ಬಿಡುತ್ತಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಉಪವಾಸ ಬಿದ್ದವರ ಹಾಗೆ ಸೋತು, ಕೊನೆಗೆ ನಿಂತೇಬಿಡುತ್ತಿತ್ತು. ಮಗಳು ಇಳಿದು ಮುಚ್ಚಳ ತೆಗೆದು ಬೆತ್ತ ಹಾಕುವಳು. ಡೀಸೆಲ್ ಬೇಕಾದಷ್ಟು ಇರುವುದು. ಬಾನೆಟ್ ಎತ್ತಿ, ಡೀಸೆಲ್ ಮೇಲೆಳೆಯುವ ಹ್ಯಾಂಡ್ ಪಂಪನ್ನು ಹೆಬ್ಬೆರಳು ಕೆಂಪಾಗುವಷ್ಟು ಒತ್ತುವಳು. ಗಾಡಿ ಏನೂ ಆಗಿಲ್ಲವೆಂಬಂತೆ ಹೊರಡುವುದು.

ಒಂದು ದಿನ ಹೀಗೆ ನಿಂತದ್ದು ಗುಡ್ಡದ ಏರಿನ ನಟ್ಟನಡುವೆ. ಎಂಜಿನ್ ನಿಂತರೆ ಆ ಗಾಡಿಯ ಬ್ರೇಕು ಕಲ್ಲಾಗುತ್ತದೆ, ಒಂದೆರಡು ಸಲ ಒತ್ತಿದ ಮೇಲೆ ಕಾಲಿಗೆ ಬಗ್ಗುವುದಿಲ್ಲ. ಹ್ಯಾಂಡ್ ಬ್ರೇಕು ಹೆಸರಿಗೆ ಮಾತ್ರ ಇತ್ತು. ನಾಲ್ಕು ನರ್ಸುಗಳನ್ನು ಹೊತ್ತ ಗಾಡಿ ಹಿಂದಕ್ಕೆ ಉರುಳಿತು, ಹಿಂದೆ ಕಬ್ಬಿಣದ ಸರಳು ತುಂಬಿದ ಲಾರಿ. ಲಾರಿಯವನು ಎಚ್ಚರದಲ್ಲಿದ್ದ, ಪಕ್ಕಕ್ಕೆ ಎಳೆದುಕೊಂಡ. ಗಾಡಿ ರಸ್ತೆ ಬದಿಯ ತಡೆಗೋಡೆಗೆ ಒರಗಿ ನಿಂತಿತು, ಅದರಾಚೆ ಪ್ರಪಾತ. ಮಗಳು ಇದನ್ನೆಲ್ಲ ಅಪ್ಪನಿಗೆ ಗಂಜಿ ತಿನ್ನಿಸುತ್ತಾ ನಗುನಗುತ್ತಲೇ ಹೇಳಿದಳು. ಆದರೆ ಎರಡು ಸಲ ಖಾಲಿ ಚಮಚವನ್ನೇ ತನ್ನ ಬಾಯಿಗಿಟ್ಟಿದ್ದನ್ನು ಅಜ್ಜ ನೋಡಿದ. ಗಾಡಿ ಮೂಲೆಗೆ ಹಾಕು, ಮಗಳೇ, ಹೊಟ್ಟೆಗಿಲ್ಲದಿದ್ದರೂ ಪರವಾಗಿಲ್ಲ ಎಂದು ಹೇಳಲು ಹೋದ.

"ಆಯ್ತು" ಎಂದ.

"ಹೂಂ, ಆಯ್ತಲ್ಲ, ಬಿಡು. ಇನ್ನು ಏರಿನ ಬುಡದಲ್ಲೇ ಒಂದು ಸಲ ನಿಲ್ಲಿಸ್ತೀನಿ. ಬೆತ್ತ ಹಾಕಿ ನೋಡಿ, ಪಂಪು ಒತ್ತಿ, ಆಮೇಲೆ ಹತ್ತಿಸ್ತೀನಿ" ಎಂದಳು ಮಗಳು.

ಹಾಗೆಯೇ ಮಾಡಿದಳು. ನರ್ಸುಗಳು ಗೊಣಗಿದರೂ ಏರಿನ ಬುಡದಲ್ಲಿ ನಿಲ್ಲಿಸುವುದನ್ನು ಬಿಡಲಿಲ್ಲ. ಅಂದಿನಿಂದ ಗಾಡಿ ಬೇರೆ ಎಲ್ಲೆಲ್ಲೋ ನಿಂತಿತು, ಏರಿನಲ್ಲಿ ಮಾತ್ರ ನಿಲ್ಲಲಿಲ್ಲ. ಪಂಪು ಒತ್ತಿದ್ದರ ಪುಣ್ಯ ಎಂದು ಎಲ್ಲರೂ ನಂಬಿದರು.

ಕಾಯಿಲೆ ಹುಡುಕಲು ಮೇಸ್ತ್ರಿ ಬಂದ. ಅಜ್ಜನ ಹತ್ತಿರವೇ ಸ್ಪ್ಯಾನರ್ ಹಿಡಿಯಲು ಕಲಿತು, ಈಗ ಬೀದಿಯ ಕೊನೆಯಲ್ಲಿ ಸ್ವಂತ ಶೆಡ್ ಹಾಕಿಕೊಂಡವನು. "ಗುರುಗಳೇ, ನೀವು ಕಿವಿ ಕೊಟ್ಟು ಕೂತಿರಿ, ಕೈ ನಾನು ಹಾಕ್ತೀನಿ" ಎಂದು, ಅಂಗಳದ ಅಂಚಿನಲ್ಲಿ ಗಾಲಿಕುರ್ಚಿಯಲ್ಲಿ ಕೂತಿದ್ದ ಅಜ್ಜನಿಗೆ ಹೇಳಿ, ಗುರು ಕಲಿಸಿದಂತೆ ಮೊದಲು ಮುಚ್ಚಳ ತೆಗೆದು ಬೆತ್ತ ಅದ್ದಿದ. ಡೀಸೆಲ್ ಇತ್ತು. ಆಮೇಲೆ ಫಿಲ್ಟರ್ ಬಿಚ್ಚಿದ; ಒಳಗೆ ಕಪ್ಪು ಕೆಸರು. "ಸಿಕ್ಕಿಬಿದ್ದ ಕಳ್ಳ" ಎಂದು ಹೊಸ ಫಿಲ್ಟರ್ ಹಾಕಿ, ಊರು ಸುತ್ತಿಸಿ ತಂದ. ಗಾಡಿ ನೀರು ಹರಿದ ಹಾಗೆ ಓಡಿತು. ವಾರ ಕಳೆಯುವ ಮೊದಲೇ ದೂರದ ಹೆದ್ದಾರಿಯಲ್ಲಿ ಮತ್ತೆ ನಿಂತಿತು.

ಎರಡನೆಯ ಸಲ ಅಳಿಯನೂ ಕೈ ಹಾಕಿದ. ಫೋನಿನಲ್ಲಿ ಏನೇನೋ ನೋಡಿ ತಿಳಿದುಕೊಂಡಿದ್ದ. "ಎಲ್ಲೋ ಗಾಳಿ ಎಳೀತಿರಬೇಕು. ಡೀಸೆಲ್ ಹೋಗೋ ಕಡೆ ಒಂದು ಗಾಜಿನಂಥ ಪೈಪು ಹಾಕಿ, ಗುಳ್ಳೆ ಬಂದ್ರೆ ಗೊತ್ತಾಗುತ್ತೆ" ಎಂದ. ಮೇಸ್ತ್ರಿಗೆ ದರ್ಜಿಯಿಂದ ಪಾಠ ಹೇಳಿಸಿಕೊಳ್ಳುವುದು ಇಷ್ಟವಿರಲಿಲ್ಲ, ಆದರೂ ಮಾತು ಸರಿಯಾಗಿತ್ತು. ಮೊದಲು ಬೆತ್ತ, ಆಮೇಲೆ ಸ್ಪ್ಯಾನರ್. ಪೈಪು ಹಾಕಿ ಇಬ್ಬರೂ ತಲೆಗೆ ತಲೆ ತಾಗಿಸಿಕೊಂಡು ನೋಡಿದರು. ಒಂದು ಗುಳ್ಳೆಯೂ ಬರಲಿಲ್ಲ. ಮೂರನೆಯ ಸಲ ಪೈಪಿನ ಕ್ಲಿಪ್ಪುಗಳನ್ನೆಲ್ಲ ಬದಲಿಸಿದರು, ನಾಲ್ಕನೆಯ ಸಲ ಡೀಸೆಲ್ ಎಳೆಯುವ ಸಣ್ಣ ಪಂಪನ್ನು. ಪ್ರತಿ ಸಲವೂ ಮೇಸ್ತ್ರಿ ಓಡಿಸಿ ನೋಡಿದಾಗ ಗಾಡಿ ಸರಿಯಾಗಿಯೇ ಇತ್ತು. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುವ ಹಾಗೆ ಅದರ ರೋಗ ಮೇಸ್ತ್ರಿಯನ್ನು ಕಂಡೊಡನೆ ಮಾಯವಾಗುತ್ತಿತ್ತು.

"ಇನ್ನು ಉಳಿದಿರೋದು ಎಂಜಿನ್ನಿನ ದೊಡ್ಡ ಪಂಪು ಒಂದೇ, ಅಕ್ಕ" ಎಂದ ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತಾ. "ಅದು ಹೋಗಿದ್ರೆ ಗಾಡಿನ ಗುಜರಿಗೆ ಹಾಕೋದೇ ವಾಸಿ."

ಅಜ್ಜನಿಗೆ ಗೊತ್ತಿತ್ತು, ದೊಡ್ಡ ಪಂಪಿಗೆ ಏನೂ ಆಗಿಲ್ಲವೆಂದು. ಅದರ ಬಡಿತ ಅವನಿಗೆ ತನ್ನ ಎದೆ ಬಡಿತದಷ್ಟೇ ಪರಿಚಯ. ಎಂಜಿನ್ನಿಗೆ ಹಸಿವಾಗುತ್ತಿದೆ, ಟ್ಯಾಂಕಿನಿಂದ ಅನ್ನ ಬರುತ್ತಿಲ್ಲ, ಅಷ್ಟೇ. ಯಾಕೆ ಬರುತ್ತಿಲ್ಲ ಎನ್ನುವುದೂ ಅವನಿಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದ. ಹಿಂದೊಂದು ಕಾಲದಲ್ಲಿ ಬೀದಿಯಲ್ಲಿ ಗಾಡಿ ಕದಿಯುವವರ ಕಾಟ ಹೆಚ್ಚಾದಾಗ ಡ್ರೈವರ್ ಸೀಟಿನ ಕೆಳಗೆ, ಮ್ಯಾಟಿನ ಅಡಿಯಲ್ಲಿ, ಡೀಸೆಲ್ ಪೈಪಿಗೆ ಒಂದು ಸಣ್ಣ ಹಿತ್ತಾಳೆ ನಲ್ಲಿ ಕೂರಿಸಿದ್ದ. ರಾತ್ರಿ ತಿರುಗಿಸಿಟ್ಟರೆ ಕಳ್ಳ ಬೀದಿಯ ತಿರುವಿನವರೆಗೂ ಹೋಗಲಾರ. ಹೇಳಿದರೆ ಗುಟ್ಟು ರಟ್ಟಾಗುತ್ತದೆಂದು ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಕಳ್ಳರು ಮುದುಕರಾದರು, ನಲ್ಲಿ ಅಲ್ಲೇ ಉಳಿಯಿತು. ಅದುರಿ ಅದುರಿ ಅದೇ ಅರ್ಧ ಮುಚ್ಚಿಕೊಂಡಿರಬೇಕು. ತನ್ನ ಜಾಣತನವೇ ಮಗಳ ಕೊರಳಿಗೆ ಉರುಳಾಗುತ್ತಿದೆ ಎಂದು ಅಜ್ಜ ಕೂತಲ್ಲೇ ಬೆಂದ.

ಹೇಳುವುದು ಹೇಗೆ? ಡ್ರೈವರ್ ಸೀಟಿನ ಕಡೆ ಎಡಗೈ ಚಾಚಿ "ಆಯ್ತು, ಆಯ್ತು" ಎಂದು ಕೂಗಿದ.

"ಗಾಡಿ ಓಡಿಸ್ಬೇಕಂತೆ ಕಣ್ರೀ ಅಪ್ಪನಿಗೆ" ಎಂದಳು ಮಗಳು ಗಂಡನಿಗೆ. ಇಬ್ಬರಿಗೂ ಕಣ್ಣು ತುಂಬಿ ಬಂತು. ಕಾಲಿನ ಕಡೆ ಬೆರಳು ತೋರಿಸಿದರೆ ಅಳಿಯ ಕಾಲು ಒತ್ತಿದ. ನೆಲದ ಕಡೆ ತೋರಿಸಿದರೆ ಕಸ ಗುಡಿಸಿದರು. ಹಠ ಹಿಡಿದು ಕುರ್ಚಿಯ ಕೈಯನ್ನು ಗುದ್ದಿದರೆ ಮಲದ ಪಾತ್ರೆ ತಂದರು. ಇಷ್ಟು ಪ್ರೀತಿ ಮಾಡುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದಾದರೂ ಹೇಗೆ? ಆದರೂ ಅವನಿಗೆ ಸಿಟ್ಟು ಬರುತ್ತಿತ್ತು, ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಬರುತ್ತಿತ್ತು.

ದಾರಿ ತೋರಿಸಿದ್ದು ಗಾಡಿಯೇ. ಕೈಕಾಲಿಗೆ ವ್ಯಾಯಾಮ ಮಾಡಿಸಲು ಅಪ್ಪನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು, ಹಿಂದೆ ಗಂಡನನ್ನು ಕೂರಿಸಿಕೊಂಡು ಮಗಳು ಹೊರಟಿದ್ದಳು. ಮೂರು ಕಡೆ ಬಾಡಿಗೆ ಮುಗಿಸಿ ಬಂದಿದ್ದ ಗಾಡಿ ಮೈದಾನದ ಪಕ್ಕ ನಿಂತುಬಿಟ್ಟಿತು. ಇಬ್ಬರೂ ಇಳಿದು ಬೆತ್ತ, ಬಾನೆಟ್ ಎಂದು ಓಡಾಡತೊಡಗಿದರು. ಅಜ್ಜ ಇದ್ದ ಬಲವನ್ನೆಲ್ಲ ಒಟ್ಟುಮಾಡಿ ಡ್ರೈವರ್ ಸೀಟಿನ ಮೇಲೆ ಅಡ್ಡ ಬಿದ್ದ. ತಲೆ ಕೆಳಗಾಯಿತು, ಕನ್ನಡಕ ಪೆಡಲುಗಳ ಸಂದಿಗೆ ಹೋಯಿತು. ಎಡಗೈಯಿಂದ ಮ್ಯಾಟನ್ನು ಕಿತ್ತು, ನಲ್ಲಿಯನ್ನು ಮುಷ್ಟಿಯಲ್ಲಿ ಹಿಡಿದ.

"ಅಯ್ಯೋ ಮಾವ ಬಿದ್ರು" ಎಂದು ಅಳಿಯ ಓಡಿ ಬಂದು ಎತ್ತಲು ನೋಡಿದ. ಅಜ್ಜ ಬಿಡಲಿಲ್ಲ. "ಕೈ ಬಿಡಿ ಮಾವ, ಏನು ಹಿಡ್ಕೊಂಡಿದ್ದೀರಿ... ಏ, ಇಲ್ಲಿ ಬಾ. ಇಲ್ಲೊಂದು ನಲ್ಲಿ ಇದೆ ನೋಡು."

ನಲ್ಲಿ ನಿಜಕ್ಕೂ ಕಾಲುಭಾಗದಷ್ಟು ಮುಚ್ಚಿಕೊಂಡಿತ್ತು. ಮಗಳು ಅದನ್ನು ಪೂರ್ತಿ ತೆರೆದು, ಹ್ಯಾಂಡ್ ಪಂಪು ಒತ್ತಿ, ಸ್ಟಾರ್ಟ್ ಮಾಡಿದಳು. ಗಾಡಿ ಹೊರಟಿತು. ನಡುದಾರಿಯಲ್ಲೇ ಅವಳು ಅಳತೊಡಗಿದಳು, ಅಪ್ಪನ ತೊಡೆಯ ಮೇಲೆ ಕೈಯಿಟ್ಟು, "ಇಷ್ಟು ದಿನ ಇದನ್ನೇ ಹೇಳ್ತಿದ್ಯಾ ಅಪ್ಪ" ಎಂದಳು. ಅಜ್ಜನೂ ಅತ್ತ. ಲಕ್ವ ಹೊಡೆದ ಮೇಲೆ ಮೊದಲ ಸಲ ಅವನ ಮಾತು ಇನ್ನೊಬ್ಬರಿಗೆ ತಲುಪಿತ್ತು.

ಮೇಸ್ತ್ರಿ ಸುದ್ದಿ ಕೇಳಿ ಓಡಿ ಬಂದು, ನಲ್ಲಿಯನ್ನೇ ಕಿತ್ತುಹಾಕಿ, ಪೈಪನ್ನು ನೇರ ಜೋಡಿಸಿದ. ಬೆತ್ತ ಅದ್ದಿ ನೋಡಿ, ಊರು ಸುತ್ತಿಸಿ ಬಂದು, "ಗುರುಗಳ ಮಾತು ಹೋಗಿರಬಹುದು, ವಿದ್ಯೆ ಎಲ್ಲಿ ಹೋಗುತ್ತೆ" ಎಂದು ಬೀದಿಗೆಲ್ಲ ಸಾರಿದ. ಎರಡು ದಿನ ಅಂಗಳ ಮದುವೆ ಮನೆಯಾಯಿತು. ಪಕ್ಕದ ಮನೆಯವರು, ಎದುರು ಮನೆಯವರು, ಜಗಳವಾಡಿ ಮಾತು ಬಿಟ್ಟಿದ್ದವರೂ ಬಂದು ಹಿತ್ತಾಳೆ ನಲ್ಲಿಯನ್ನು ತಿರುಗಿಸಿ ನೋಡಿ ಹೋದರು. ಅಳಿಯ ಅದನ್ನು ತಿಕ್ಕಿ ತೊಳೆದು ಮಾವನ ಹಾಸಿಗೆಯ ಪಕ್ಕ ಇಟ್ಟ. ಅಜ್ಜನ ಮುಖದಲ್ಲಿ ಗೆಲುವು ತುಂಬಿ ತುಳುಕಿತು. ಬಾಗಿದ ಬಾಯಲ್ಲೇ ಎಲ್ಲರಿಗೂ "ಆಯ್ತು, ಆಯ್ತು" ಎಂದು ದೊಡ್ಡಸ್ತಿಕೆಯಿಂದ ಹೇಳಿದ, ಈ ಸಲ ಹೇಳಬೇಕೆಂದದ್ದೂ ಅದನ್ನೇ.

ಮೂರನೆಯ ದಿನ ಸಂಜೆ ಮಗಳು ದೂರದ ಬಾಡಿಗೆಯೊಂದನ್ನು ಮುಗಿಸಿ ಬಂದಳು. "ಒಂದು ಸಲಾನೂ ನಿಲ್ಲಲಿಲ್ಲ ಅಪ್ಪ" ಎಂದು ದೂರದಿಂದಲೇ ಕೂಗಿದಳು. ಆದರೆ ಗಾಡಿ ಅಂಗಳಕ್ಕೆ ತಿರುಗಿದಾಗಲೇ ಅಜ್ಜನ ಕಿವಿ ನೆಟ್ಟಗಾಗಿತ್ತು. ಎಂಜಿನ್ ಹಸಿದಿತ್ತು. ಬಡಿತದ ನಡುವೆ ಕೂದಲೆಳೆಯಷ್ಟು ತಡವರಿಕೆ. ಇನ್ನೊಂದು ಸ್ವಲ್ಪ ದೂರ ಓಡಿಸಿದ್ದರೆ ನಿಲ್ಲುತ್ತಿತ್ತು. ಮಗಳು ಎಂಜಿನ್ ಆರಿಸಿ, ಮರುದಿನ ಬೆಳಿಗ್ಗೆ ಆಸ್ಪತ್ರೆಯ ಬಾಡಿಗೆ ಇದ್ದುದರಿಂದ ಕ್ಯಾನಿನಲ್ಲಿ ತಂದಿದ್ದ ಡೀಸೆಲ್ ಸುರಿಯಲು ಮುಚ್ಚಳ ತಿರುಗಿಸಿದಳು.

ಟ್ಯಾಂಕು ಉಸಿರೆಳೆದುಕೊಂಡಿತು. ಮುಳುಗಿದವನು ನೀರಿನಿಂದ ತಲೆ ಎತ್ತಿ ಎಳೆದುಕೊಳ್ಳುವಂಥ, ಉದ್ದನೆಯ ಉಸಿರು.

ಅಜ್ಜನಿಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ಡೀಸೆಲ್ ಖಾಲಿಯಾದ ಜಾಗಕ್ಕೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಮೊನೆಯಷ್ಟು ತೂತು ಇರುತ್ತದೆ. ಗಾಳಿ ಹೋಗದಿದ್ದರೆ ಟ್ಯಾಂಕು ಡೀಸೆಲ್ಲನ್ನು ಬಿಟ್ಟುಕೊಡುವುದಿಲ್ಲ, ಎಂಜಿನ್ ಎಷ್ಟೇ ಎಳೆದರೂ ತನ್ನ ಕಡೆಗೇ ಹಿಡಿದುಕೊಳ್ಳುತ್ತದೆ. ಮಗಳು ದಾರಿಯಲ್ಲಿ ಬೆತ್ತ ಹಾಕಲು ಮುಚ್ಚಳ ತೆಗೆದಾಗಲೆಲ್ಲ ಗಾಳಿ ನುಗ್ಗಿ ಗಾಡಿ ಸರಿಹೋಗುತ್ತಿತ್ತು, ಹೆಸರು ಹ್ಯಾಂಡ್ ಪಂಪಿಗೆ ಬರುತ್ತಿತ್ತು. ಲಾರಿಗಳ ಸದ್ದಿನಲ್ಲಿ ಅವಳಿಗೆ ಈ ಉಸಿರು ಕೇಳಿಸಿರಲಿಲ್ಲ. ಮೇಸ್ತ್ರಿ ಬರುವಾಗ ಗಾಡಿ ರಾತ್ರಿಯೆಲ್ಲ ನಿಂತಿರುತ್ತಿತ್ತು, ಎಲ್ಲೋ ಸಂದಿಯಲ್ಲಿ ಗಾಳಿ ನುಸುಳಿ ಸಮವಾಗಿರುತ್ತಿತ್ತು. ಸಾಲದ್ದಕ್ಕೆ ಮೊದಲು ಬೆತ್ತ, ಆಮೇಲೆ ಸ್ಪ್ಯಾನರ್. ರೋಗವನ್ನು ವಾಸಿಮಾಡಿ ಆಮೇಲೆ ರೋಗವನ್ನು ಹುಡುಕುವ ಪಾಠವನ್ನು ತಾನೇ ಕಲಿಸಿದ್ದ. ನಲ್ಲಿಯದು ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಕಥೆ. ಅದನ್ನು ತೆರೆದ ದಿನವೂ ಅಳಿಯ ಮೊದಲು ಬೆತ್ತ ಹಾಕಿದ್ದ.

ಆದರೆ ತೂತು ಮುಚ್ಚಿದ್ದು ಹೇಗೆ? ಅಜ್ಜ ಕತ್ತು ಚಾಚಿ ಮಗಳ ಕೈಯಲ್ಲಿದ್ದ ಮುಚ್ಚಳ ನೋಡಿದ. ಒಳಗೆ ದುಂಡಗೆ ಕತ್ತರಿಸಿದ ಕಪ್ಪು ರಬ್ಬರ್ ಅಂಟಿಸಿತ್ತು, ದರ್ಜಿಯ ಕತ್ತರಿಯ ಅಚ್ಚುಕಟ್ಟು. ಅಪ್ಪನ ಕಣ್ಣು ಅಲ್ಲಿ ನೆಟ್ಟಿದ್ದನ್ನು ಮಗಳು ಕಂಡಳು.

"ಇದಾ? ಆಸ್ಪತ್ರೆಯಿಂದ ಕರ್ಕೊಂಡು ಬರೋವಾಗ ಡೀಸೆಲ್ ವಾಸನೆಗೆ ದಾರಿಯುದ್ದಕ್ಕೂ ವಾಂತಿ ಮಾಡ್ಕೊಂಡ್ಯಲ್ಲ ಅಪ್ಪ. ಅದಕ್ಕೇ ಇವರ ಹತ್ರ ಸೈಕಲ್ ಟ್ಯೂಬ್ ಕತ್ತರಿಸಿ ಅಂಟಿಸ್ಕೊಂಡೆ. ಆಮೇಲೆ ನಿನಗೆ ಒಂದು ದಿನಾನೂ ವಾಸನೆ ಬಂದಿಲ್ಲ ನೋಡು" ಎಂದು ಕ್ಯಾನನ್ನು ಟ್ಯಾಂಕಿಗೆ ಖಾಲಿ ಮಾಡಿ, ಮುಚ್ಚಳವನ್ನು ಎರಡೂ ಕೈಯಿಂದ ಬಿಗಿದಳು.

ಅಜ್ಜ ಮುಚ್ಚಳದ ಕಡೆ ಕೈ ತೋರಿಸಿ, "ಆಯ್ತು, ಆಯ್ತು, ಆಯ್ತು" ಎಂದು ಅರಚಿದ.

"ಗೊತ್ತಾಯ್ತಪ್ಪ, ಗೊತ್ತಾಯ್ತು. ಗಾಡಿ ಸರಿಮಾಡಿದ್ದು ನೀನೇ" ಎಂದು ನಕ್ಕಳು. ಒಳಗಿನಿಂದ ಅಳಿಯ, "ಮಾವನಿಗೆ ಇನ್ನೊಂದು ಸಲ ಚಪ್ಪಾಳೆ ಬೇಕಂತೆ" ಎಂದು ತಮಾಷೆ ಮಾಡಿದ. ಮೊನ್ನೆಯವರೆಗೆ ಅವನು ಏನು ಹೇಳುತ್ತಿದ್ದಾನೆಂದು ತಿಳಿಯಲು ಒದ್ದಾಡುತ್ತಿದ್ದವರು ಈಗ ಒದ್ದಾಡುತ್ತಿರಲಿಲ್ಲ. ಅವನು ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದಾನೆ ಎಂದು ಅವರಿಗೆ ಖಾತ್ರಿಯಾಗಿತ್ತು.

ಎದೆ ಒಡೆಯುವ ಮಾತು ಬಂದದ್ದು ಊಟದ ಹೊತ್ತಿನಲ್ಲಿ. "ನಾಳೆಯಿಂದ ಏರಿನ ಬುಡದಲ್ಲಿ ನಿಲ್ಲಿಸೋ ಕಾಟ ಇಲ್ಲ" ಎಂದಳು ಮಗಳು ಗಂಡನಿಗೆ. "ಆ ನರ್ಸಮ್ಮಗಳು ಪ್ರತಿ ಸಲಾನೂ ಬೈಯ್ತಿದ್ರು, ತಡವಾಗುತ್ತೆ ಅಂತ. ಒಂದೇ ಉಸಿರಿಗೆ ಹತ್ತಿಸಿಬಿಡ್ತೀನಿ." ಇಷ್ಟು ದಿನ ಏನೂ ತಿಳಿಯದೆಯೇ ಅವಳು ಏರಿನ ಬುಡದಲ್ಲಿ ಮುಚ್ಚಳ ತೆಗೆದು ತನ್ನ ಜೀವ ಕಾಪಾಡಿಕೊಂಡಿದ್ದಳು. ಅದನ್ನು ಬಿಡಿಸಿದ್ದು ಯಾರು? ಡ್ರೈವರ್ ಸೀಟಿನ ಮೇಲೆ ಅಡ್ಡ ಬಿದ್ದು, ನಲ್ಲಿ ಹಿಡಿದು ಗೆದ್ದ ಅಪ್ಪ. ಬಾಯಿಗಿಟ್ಟ ತುತ್ತನ್ನು ಅಜ್ಜ ಉಗಿದ. ಮಗಳು ಬೆನ್ನು ನೀವಿದಳು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಿಸಿಲು ಬೀಳುವ ಹೊತ್ತಿಗೆ ಅಜ್ಜನನ್ನು ಎಂದಿನಂತೆ ಗಾಲಿಕುರ್ಚಿಯಲ್ಲಿ ಕೂರಿಸಿದರು. ಮಗಳು ಗಾಡಿ ಒರೆಸಿ, ಮುಚ್ಚಳ ತೆಗೆದು ಡಿಕ್ಕಿಯ ಮೇಲಿಟ್ಟು, ಬೆತ್ತ ಅದ್ದಿ ನೋಡಿದಳು. ಟ್ಯಾಂಕು ಕತ್ತಿನವರೆಗೆ ತುಂಬಿತ್ತು. ತುಂಬಿದ ಟ್ಯಾಂಕು ಇನ್ನೂ ಕೆಟ್ಟದ್ದು, ಅದರೊಳಗೆ ಗಾಳಿಗೆ ಜಾಗವೇ ಇರುವುದಿಲ್ಲ, ಬೇಗ ಬಿಗಿಯುತ್ತದೆ. ಒಳಗೆ ಫೋನು ಕೂಗಿತು. ಅವಳು ಮುಚ್ಚಳವನ್ನು ಅಲ್ಲೇ ಬಿಟ್ಟು ಓಡಿದಳು.

ಅಜ್ಜ ಎಡಗಾಲಿನಿಂದ ನೆಲ ಒದ್ದ. ಕುರ್ಚಿ ಅಡ್ಡಡ್ಡ ಹೋಯಿತು. ಮತ್ತೆ ಒದ್ದ, ಮತ್ತೆ ಒದ್ದ. ಗಾಡಿಯ ಹಿಂಭಾಗಕ್ಕೆ ಕುರ್ಚಿ ಡಿಕ್ಕಿ ಹೊಡೆದು ನಿಂತಿತು. ಕೈ ಚಾಚಿದ, ಮುಚ್ಚಳ ಸಿಕ್ಕಿತು. ಎಸೆಯೋಣವೆಂದರೆ ಎಸೆದದ್ದನ್ನು ಎತ್ತಿಕೊಂಡು ಬರಲು ಈ ಮನೆಯಲ್ಲಿ ನಾಲ್ಕು ಕಾಲಿವೆ. ರಬ್ಬರ್ ಕೀಳಬೇಕು. ಒಂದೇ ಕೈಯಲ್ಲಿ ಹಿಡಿಯುವುದೂ ಕೀಳುವುದೂ ಆಗದು, ಹಾಗಾಗಿ ಬಾಯಿಗೆ ಹಾಕಿಕೊಂಡ. ಉಳಿದಿದ್ದ ಹಲ್ಲುಗಳಿಂದ ಅಂಚನ್ನು ಕಚ್ಚಿ ಎಳೆದ. ಡೀಸೆಲ್ ನಾಲಿಗೆಗೆ, ಗಂಟಲಿಗೆ ಇಳಿಯಿತು. ಅವನು ಬಿಡಲಿಲ್ಲ. ಅಳಿಯನ ಅಂಟು ಗಟ್ಟಿಯಾಗಿತ್ತು, ಆದರೂ ಒಂದು ಕಡೆಯ ಅಂಚು ಉಗುರಿನಷ್ಟು ಮೇಲೆದ್ದಿತು. ಅದನ್ನು ಹಲ್ಲಿನಲ್ಲಿ ಹಿಡಿದು ಇನ್ನೊಮ್ಮೆ ಎಳೆಯಬೇಕು ಎನ್ನುವಷ್ಟರಲ್ಲಿ ಮಗಳು ಬಾಗಿಲಿಗೆ ಬಂದಳು.

"ರೀ, ಬೇಗ ಬನ್ನಿ. ಅಪ್ಪ ಡೀಸೆಲ್ ನೆಕ್ತಿದ್ದಾನೆ."

ಇಬ್ಬರೂ ಓಡಿ ಬಂದರು. ಅಜ್ಜನ ಗಡ್ಡದ ಮೇಲೆ ಡೀಸೆಲ್ಲೂ ಎಂಜಲೂ ಸೇರಿ ಇಳಿಯುತ್ತಿತ್ತು. ಅವನು ಮುಚ್ಚಳವನ್ನು ಎದೆಗೆ ಒತ್ತಿಕೊಂಡು, ಮಗಳ ಕಣ್ಣಲ್ಲಿ ಕಣ್ಣಿಟ್ಟು, ತಲೆಯೊಳಗೆ ಸ್ಪಷ್ಟವಾಗಿ ಹೇಳಿದ: ಈ ರಬ್ಬರ್ ಕಿತ್ತು ಹೋಗು, ಮಗಳೇ, ಇಲ್ಲದಿದ್ದರೆ ಏರಿನಲ್ಲಿ ಸಾಯುತ್ತೀ.

"ಆಯ್ತು" ಎಂದ. "ಆಯ್ತು, ಆಯ್ತು."

"ಡಾಕ್ಟರು ಮೊದಲೇ ಹೇಳಿದ್ರಲ್ಲ" ಎಂದ ಅಳಿಯ ದನಿ ತಗ್ಗಿಸಿ. "ಒಂದೊಂದು ದಿನ ಬುದ್ಧಿ ಮಂಕಾಗುತ್ತೆ ಅಂತ. ನೀನು ಮನಸ್ಸಿಗೆ ಹಚ್ಕೋಬೇಡ."

ಮಗಳು ಅಪ್ಪನ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಬೈಯಲಿಲ್ಲ. ತನ್ನ ಸೆರಗಿನಿಂದ ಅವನ ಬಾಯಿ ಒರೆಸಿದಳು. ಆಮೇಲೆ ಮುಷ್ಟಿಯ ಒಂದೊಂದೇ ಬೆರಳನ್ನು, ಮಗುವಿನ ಕೈಯಿಂದ ಕಲ್ಲು ಬಿಡಿಸುವ ಹಾಗೆ, ನಿಧಾನವಾಗಿ ಬಿಡಿಸತೊಡಗಿದಳು. ಅಜ್ಜ ಬಿಡಿಸಿದ ಬೆರಳನ್ನು ಮತ್ತೆ ಮಡಚಿದ. ಅವಳು ಮತ್ತೆ ಬಿಡಿಸಿದಳು. ಅವಳಿಗೆ ಎರಡು ಕೈಯಿದ್ದವು. ಕಿರುಬೆರಳು ಕೊನೆಗೆ ಸೋತಿತು.

"ಅಂಚು ಎದ್ದಿದೆ ನೋಡು" ಎಂದು ಅಳಿಯ ಮುಚ್ಚಳ ಇಸಿದುಕೊಂಡು ಹೆಬ್ಬೆರಳಿನಿಂದ ರಬ್ಬರನ್ನು ಸುತ್ತಲೂ ಒತ್ತಿದ. ದರ್ಜಿಯ ಬೆರಳು ಒತ್ತಿದ ಮೇಲೆ ಮಡಿಕೆ ಕೂರಲೇಬೇಕು, ಕೂತಿತು. ಮಗಳು ಅದನ್ನು ಟ್ಯಾಂಕಿಗಿಟ್ಟು, ಅಪ್ಪನಿಗೆ ವಾಸನೆ ತಾಗಬಾರದೆಂದು ಒಂದು ಸುತ್ತು ಹೆಚ್ಚಿಗೆಯೇ ಬಿಗಿದಳು. ಹಿಂತಿರುಗಿ ಬಂದು ಅವನ ಹಣೆಯ ಮೇಲಿನ ಕೂದಲು ಸರಿಸಿದಳು.

"ಹೋಗಿ ಬರ್ತೀನಿ ಅಪ್ಪ. ಸಂಜೆ ಬೇಗ ಬರ್ತೀನಿ, ಆಯ್ತಾ?"

ಅಜ್ಜ ಈ ಸಲ ತುಟಿ ಬಿಗಿಹಿಡಿದ. ಬಾಯಿ ತೆರೆದರೆ ಯಾವ ಮಾತು ಬರುತ್ತದೆಂದು ಅವನಿಗೆ ಗೊತ್ತಿತ್ತು. ಕಣ್ಣಿನಿಂದ ನೀರು ಇಳಿಯಿತು, ಮಗಳು ಅದನ್ನೂ ಒರೆಸಿದಳು.

ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅಂಗಳ ದಾಟಿತು, ಬೀದಿ ಹಿಡಿಯಿತು, ನರ್ಸುಗಳು ಕಾಯುವ ತಿರುವಿನಲ್ಲಿ ಒಂದು ಗಳಿಗೆ ನಿಂತು ಮುಂದಕ್ಕೆ ಹೋಯಿತು. "ಕೇಳಿದ್ರಾ ಮಾವ, ಹೇಗೆ ಓಡ್ತಿದೆ ನಿಮ್ಮ ಗಾಡಿ" ಎಂದ ಅಳಿಯ. ಅಜ್ಜ ಕೇಳುತ್ತಿದ್ದ. ನಾಲ್ಕೂ ಸಿಲಿಂಡರು ಒಂದೇ ಸಮ ಬಡಿಯುತ್ತಿದ್ದವು, ಎಲ್ಲೂ ತಡವರಿಕೆ ಇರಲಿಲ್ಲ. ಈಗಷ್ಟೇ ಮುಚ್ಚಳ ತೆರೆದಿದ್ದರಿಂದ ಟ್ಯಾಂಕಿಗೆ ಹಿಡಿಯುವಷ್ಟು ಗಾಳಿ ಸಿಕ್ಕಿತ್ತು. ಏರಿನ ಬುಡದವರೆಗೆ ಅದು ಸಾಕಾಗುತ್ತದೆ.